‘ವಿತಂಡವಾದ ಮಾಡಬೇಡ’ ಅಂದ ಅಣ್ಣ: ಪ್ರಶ್ನೆ ಎಲ್ಲಿಯವರೆಗೆ, ವಿತಂಡ ಎಲ್ಲಿಂದ?

ಮೂರನೇ ಬೆಂಚು

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ತತ್ವಶಾಸ್ತ್ರವನ್ನು ತರಗತಿಯಲ್ಲಿ ಕೂತು ಕಲಿತವನಲ್ಲ. ಒಂದು ವರ್ಷದಿಂದ ನನ್ನ ಪಾಡಿಗೆ ನಾನು ಓದುತ್ತಿದ್ದೇನೆ. ಎಲ್ಲಿ ಓದಿದರೂ ಒಂದು ಮಾತು ಸಿಗುತ್ತದೆ: ಈ ಶಾಸ್ತ್ರಕ್ಕೆ ಪ್ರಯೋಗಾಲಯ ಇಲ್ಲ, ಇರುವ ಹತಾರ ಎರಡೇ, ಪ್ರಶ್ನೆ ಮತ್ತು ತರ್ಕ. ಸರಿ, ಹತಾರ ಸಿಕ್ಕಿತಲ್ಲ ಅಂತ ಮೊನ್ನೆ ಅಣ್ಣನ ಮೇಲೆ ಪ್ರಯೋಗ ಮಾಡಿದೆ. ಅವನು ‘ಎಲ್ಲರೂ ಸ್ವಾರ್ಥಿಗಳೇ ಕಣೋ’ ಅಂದ. ನಾನು ಪ್ರಶ್ನೆ ಕೇಳಿದೆ. ಐದು ನಿಮಿಷಕ್ಕೆ ‘ವಿತಂಡವಾದ ಮಾಡಬೇಡ’ ಅಂತ ಎದ್ದು ಹೋದ. ಮಾತು ಬಿಟ್ಟಿಲ್ಲ, ಆದರೆ ಮುಖ ಊದಿಸಿಕೊಂಡಿದ್ದಾನೆ.

ನನ್ನ ಅನುಮಾನ ಇಷ್ಟೇ. ಸಾಕ್ರಟೀಸನೂ ಪ್ರಶ್ನೆ ಕೇಳಿ ಕೇಳಿಯೇ ಊರವರ ಸಿಟ್ಟಿಗೆ ಗುರಿಯಾದ. ಅವನು ಮಾಡಿದರೆ ತತ್ವಚಿಂತನೆ, ನಾನು ಮಾಡಿದರೆ ವಿತಂಡವಾದ. ಇದು ಯಾವ ನ್ಯಾಯ?

ಹಳೇ ಮೇಷ್ಟ್ರು

ನ್ಯಾಯದಲ್ಲೇ ಉತ್ತರ ಇದೆ ಮಾರಾಯರೇ, ನ್ಯಾಯ ಅನ್ನುವ ನಮ್ಮ ಹಳೇ ತರ್ಕಶಾಸ್ತ್ರದ ಮೂಲಗ್ರಂಥ, ಗೌತಮನ ನ್ಯಾಯಸೂತ್ರದಲ್ಲಿ. ವಿತಂಡ ಅನ್ನುವುದು ಬೈಗುಳ ಆದದ್ದು ಆಮೇಲೆ. ಮೊದಲು ಅದು ಶಾಸ್ತ್ರದ ಪದ. ಇಬ್ಬರು ಕೂತು ಚರ್ಚೆ ಮಾಡುವುದರಲ್ಲಿ ಮೂರು ಬಗೆ ಅಂತ ಅಲ್ಲಿ ಹೇಳಿದೆ. ನಿಜ ಏನು ಅಂತ ತಿಳಿಯಲು ಇಬ್ಬರೂ ಸೇರಿ ಮಾಡುವುದು ವಾದ. ಗೆಲ್ಲಲೇಬೇಕು ಅಂತ ಹೊರಟು, ಮಾತಿನ ಮೋಸಕ್ಕೂ ಹಿಂಜರಿಯದೆ ಮಾಡುವುದು ಜಲ್ಪ. ಆ ಜಲ್ಪದಲ್ಲೇ ತನ್ನದು ಅಂತ ಒಂದು ಪಕ್ಷವನ್ನೂ ಮುಂದಿಡದೆ, ಎದುರಿನವನದ್ದನ್ನು ಕೆಡವುವುದಷ್ಟೇ ಆದರೆ ಅದು ವಿತಂಡ.

ಹಾಗಾಗಿ ನಿಮ್ಮ ಅಣ್ಣ ಬೈದದ್ದು ಸರಿಯೋ ತಪ್ಪೋ ಹೇಳಬೇಕಾದರೆ ನೀವು ಕೇಳಿದ್ದೇನು ಗೊತ್ತಾಗಬೇಕು. ನೆನಪಿದ್ದಷ್ಟನ್ನು ಮಾತಿಗೆ ಮಾತು ಬರೆದು ಹಾಕಿ. ನಿಮ್ಮ ಕಡೆಗೆ ವಾಲಿಸಬೇಡಿ.

ಮೂರನೇ ಬೆಂಚು

ವಾಲಿಸದೆ ಬರೆಯುತ್ತಿದ್ದೇನೆ ಮೇಷ್ಟ್ರೇ.

ಅಣ್ಣ: ಯಾರೇ ಏನೇ ಮಾಡಲಿ, ಕೊನೆಗೆ ತನಗೋಸ್ಕರವೇ ಮಾಡೋದು. ಎಲ್ಲರೂ ಸ್ವಾರ್ಥಿಗಳೇ.
ನಾನು: ಎಲ್ಲರೂ ಅಂತ ಹೇಗೆ ಗೊತ್ತು? ಎಲ್ಲರನ್ನೂ ನೋಡಿದ್ದೀಯಾ?
ಅಣ್ಣ: ನೋಡಬೇಕಾಗಿಲ್ಲ. ಗೊತ್ತಾಗುತ್ತೆ.
ನಾನು: ಗೊತ್ತಾಗೋದು ಅಂದರೆ ಏನು?
ಅಣ್ಣ: ಅನುಭವದಿಂದ ತಿಳಿಯೋದು.
ನಾನು: ಅನುಭವವನ್ನು ಯಾಕೆ ನಂಬಬೇಕು?
ಅಣ್ಣ: ಮತ್ತೆ ನೀನು ಏನನ್ನ ನಂಬ್ತೀಯಾ?
ನಾನು: ನಾನು ಏನೂ ಹೇಳ್ತಾ ಇಲ್ಲ. ನೀನು ಹೇಳಿದ್ದಕ್ಕೆ ಪ್ರಶ್ನೆ ಕೇಳ್ತಾ ಇದ್ದೀನಿ ಅಷ್ಟೇ.
ಅಣ್ಣ: ವಿತಂಡವಾದ ಮಾಡಬೇಡ, ಏಳು.

ಹಳೇ ಮೇಷ್ಟ್ರು

‘ನಾನು ಏನೂ ಹೇಳ್ತಾ ಇಲ್ಲ.’ ಅಲ್ಲೇ ಸಿಕ್ಕಿಬಿದ್ದಿರಿ ನೋಡಿ. ನಿಮ್ಮ ಅಣ್ಣ ಶಾಸ್ತ್ರ ಓದದಿದ್ದರೂ ಪದವನ್ನು ಅಕ್ಷರಶಃ ಸರಿಯಾಗಿ ಬಳಸಿದ್ದಾರೆ.

ಇಬ್ಬನಿ

ನನಗೆ ಕಾಣುವ ತೊಂದರೆಯೇ ಬೇರೆ. ಬೆಂಚು ಅವರೇ, ನಿಮ್ಮ ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ. ಚರ್ಚೆ ಇದ್ದದ್ದು ಸ್ವಾರ್ಥದ ಬಗ್ಗೆ. ಆ ಪದವನ್ನು ನೀವು ಮುಟ್ಟಿಯೇ ಇಲ್ಲ! ಹೇಗೆ ಗೊತ್ತು, ಗೊತ್ತಾಗೋದು ಅಂದರೇನು, ಅನುಭವ ಯಾಕೆ ನಂಬಬೇಕು. ಅಣ್ಣ ‘ನಾಳೆ ಸೂರ್ಯ ಹುಟ್ಟುತ್ತಾನೆ’ ಅಂದಿದ್ದರೂ ಇದನ್ನೇ ಕೇಳಬಹುದಿತ್ತು. ‘ಕಬ್ಬಿಣ ನೀರಲ್ಲಿ ಮುಳುಗುತ್ತೆ’ ಅಂದಿದ್ದರೂ ಇದನ್ನೇ. ಯಾವ ಮಾತಿಗೆ ಬೇಕಾದರೂ ಹಾಕಬಹುದಾದ ಪ್ರಶ್ನೆ ಈ ಮಾತಿನ ಬಗ್ಗೆ ಏನನ್ನೂ ಹೊರಗೆ ತರಲ್ಲ. ಆ ಪ್ರಶ್ನೆಗಳು ಕೆಟ್ಟವು ಅಂತಲ್ಲ, ಜ್ಞಾನ ಅಂದರೇನು ಅನ್ನುವುದಕ್ಕೆ ಒಂದು ಇಡೀ ಶಾಖೆಯೇ ಇದೆ. ಆದರೆ ಅವತ್ತು ಮೇಜಿನ ಮೇಲೆ ಇದ್ದದ್ದು ಅದಲ್ಲವಲ್ಲ.

ಹಳೇ ಮೇಷ್ಟ್ರು

ಇಬ್ಬನಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗೌತಮ ತಿಳಿಯಬೇಕಾದ 16 ವಿಷಯಗಳ ಪಟ್ಟಿ ಕೊಡುತ್ತಾನೆ. ಅದರಲ್ಲಿ ಮೂರನೆಯದೇ ಸಂಶಯ. ಸಂಶಯಕ್ಕೆ ಅಷ್ಟು ಮರ್ಯಾದೆ. ಆದರೆ ಅವರು ಸಂಶಯ ಅನ್ನುವುದು ಯಾವುದಕ್ಕೆ ನೋಡಿ. ಮುಸ್ಸಂಜೆಯಲ್ಲಿ ದೂರದಲ್ಲಿ ಎತ್ತರವಾಗಿ ಏನೋ ನಿಂತಿದೆ. ಮೋಟುಮರವೋ, ಮನುಷ್ಯನೋ? ಇದು ಸಂಶಯ. ಎರಡು ಕವಲು ಇದೆ, ಯಾವುದನ್ನು ನೋಡಿದರೆ ತೀರ್ಮಾನ ಆಗುತ್ತದೆ ಅನ್ನುವುದೂ ಗೊತ್ತಿದೆ. ಕೈ ಅಲ್ಲಾಡಿತಾ, ಪೊಟರೆ ಕಂಡಿತಾ. ‘ಅದು ಏನಾದರೂ ಆಗಿರಬಹುದು’ ಅಂತ ಸುಮ್ನೆ ತಲೆ ಅಲ್ಲಾಡಿಸುವುದಕ್ಕೆ ಸಂಶಯ ಅನ್ನಲ್ಲ.

ಕಡ್ಡಿಪೆಟ್ಟಿಗೆ

ಇಷ್ಟೆಲ್ಲ ಯಾಕ್ರೀ? ಪ್ರಶ್ನೆ ಹಾಗಿರಲಿ, ಆ ಎರಡನೇ ಹತಾರ ಇದೆಯಲ್ಲ ತರ್ಕ, ಅದರಿಂದ ಯಾರಿಗೆ ಏನು ಹೊಸದು ಸಿಕ್ಕಿದೆ? ಮನುಷ್ಯರೆಲ್ಲ ಸಾಯುತ್ತಾರೆ, ಸಾಕ್ರಟೀಸ್ ಮನುಷ್ಯ, ಆದ್ದರಿಂದ ಸಾಕ್ರಟೀಸ್ ಸಾಯುತ್ತಾನೆ. ಆಹಾ! ಚೀಲಕ್ಕೆ ನಾವೇ ಹಾಕಿದ್ದನ್ನು ನಾವೇ ತೆಗೆದು ‘ಏನೋ ಸಿಕ್ತು’ ಅಂದ ಹಾಗೆ. ತೀರ್ಮಾನದಲ್ಲಿ ಇರೋದೆಲ್ಲ ಮೊದಲೇ ಒಪ್ಪಿಕೊಂಡದ್ದರಲ್ಲೇ ಇರುತ್ತೆ. ಹೊಸದು ಬೇಕಾದರೆ ಕಣ್ಣು ಬಿಟ್ಟು ಜಗತ್ತು ನೋಡಬೇಕು.

ಸಂಖ್ಯಾರೇಖೆ

ಕಡ್ಡಿ ಅವರೇ, ಒಂದು ಕಾಗದ ತಗೊಳ್ಳಿ. ಇದು ಪ್ಲೇಟೋ ಬರೆದ ಸಂವಾದದಲ್ಲಿ ಬರುತ್ತದೆ. ಮೆನೊ ಅನ್ನುವವನ ಮನೆಯ ದಾಸ ಹುಡುಗ, ಗಣಿತ ಕಲಿತವನಲ್ಲ. ಸಾಕ್ರಟೀಸ್ ಮಣ್ಣಿನ ಮೇಲೆ ಒಂದು ಚೌಕ ಬರೆಯುತ್ತಾನೆ. ಬದಿ 2 ಅಡಿ, ಆದ್ದರಿಂದ ವಿಸ್ತೀರ್ಣ 4. ಇದರ ಎರಡರಷ್ಟು, ಅಂದರೆ 8 ಇರುವ ಚೌಕ ಬೇಕು. ಬದಿ ಎಷ್ಟಿರಬೇಕು?

ಹುಡುಗ ತಟ್ಟನೆ ಹೇಳುತ್ತಾನೆ: ಬದಿಯನ್ನೂ ಎರಡರಷ್ಟು ಮಾಡಿ, 4. ಬರೆದು ನೋಡಿದರೆ ಹಳೇ ಚೌಕದಂಥವು ನಾಲ್ಕು ಹಿಡಿಸುತ್ತವೆ. 16 ಆಯ್ತು. ಜಾಸ್ತಿಯಾಯ್ತು. ಹಾಗಾದರೆ 2 ಮತ್ತು 4ರ ನಡುವೆ, 3. ಅದೂ 9 ಆಯ್ತು. ಈಗ ಹುಡುಗ ಕೈಚೆಲ್ಲುತ್ತಾನೆ. ಗೊತ್ತಿಲ್ಲ ಅನ್ನುತ್ತಾನೆ.

ಆಮೇಲೆ ಆ 4 ಅಡಿಯ ದೊಡ್ಡ ಚೌಕವನ್ನೇ ನೋಡಿ. ಒಳಗೆ ನಾಲ್ಕು ಸಣ್ಣ ಚೌಕಗಳಿವೆ. ಒಂದೊಂದನ್ನೂ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಅರ್ಧ ಮಾಡಿ, ಆ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುವ ಹಾಗೆ. ಮಧ್ಯದಲ್ಲಿ ಓರೆಯಾಗಿ ನಿಂತ ಒಂದು ಚೌಕ ಕಾಣುತ್ತದಲ್ಲ? ಅದರೊಳಗೆ ನಾಲ್ಕು ಅರ್ಧಗಳು. ಒಂದು ಅರ್ಧ 2. ನಾಲ್ಕು ಅರ್ಧ 8. ಬೇಕಾದ ಚೌಕ ಅದೇ, ಅದರ ಬದಿ ಮೊದಲ ಚೌಕದ ಕರ್ಣ.

ನನಗೆ ಇದರಲ್ಲಿ ಬಹಳ ಇಷ್ಟವಾಗುವ ಒಂದು ಸಣ್ಣ ವಿಷಯ ಇದೆ. ಆ ಬದಿಯ ಉದ್ದ 2.83ರ ಹತ್ತಿರ, ಆದರೆ ಯಾವ ಭಿನ್ನರಾಶಿಯಲ್ಲೂ ಅದನ್ನು ಸರಿಯಾಗಿ ಬರೆಯಲು ಆಗಲ್ಲ. ಸಾಕ್ರಟೀಸ್ ಹುಡುಗನಿಗೆ ಅದಕ್ಕೇ ಹೇಳುತ್ತಾನೆ, ಎಣಿಸಿ ಹೇಳಲು ಆಗದಿದ್ದರೆ ಗೆರೆ ಯಾವುದು ಅಂತ ಬೆರಳು ಮಾಡಿ ತೋರಿಸು ಅಂತ.

ಈಗ ಹೇಳಿ, ಚೀಲದಲ್ಲಿ ಇತ್ತು, ಸರಿ. ಇದೆ ಅಂತ ಯಾರಿಗೆ ಗೊತ್ತಿತ್ತು?

ಕಡ್ಡಿಪೆಟ್ಟಿಗೆ

ಮೋಸ ಅದು. ಕರ್ಣ ಎಳೆದದ್ದು ಸಾಕ್ರಟೀಸ್. ಹುಡುಗ ‘ಹೌದು’, ‘ಹೌದು’ ಅಂದ ಅಷ್ಟೇ. ಉತ್ತರವನ್ನು ಬಾಯಿಗೆ ತುರುಕಿ ‘ನೀನೇ ಕಂಡುಕೊಂಡೆ’ ಅನ್ನೋದು ಯಾವ ಪ್ರಶ್ನೆ?

ಸಂಖ್ಯಾರೇಖೆ

ಒಪ್ಪಿದೆ. ಕೊನೇ ಭಾಗದಲ್ಲಿ ದಾರಿ ತೋರಿಸಿದ್ದು ಸಾಕ್ರಟೀಸನೇ. ಓದಿದವರಲ್ಲಿ ತುಂಬಾ ಜನ ಇದೇ ತಕರಾರು ತೆಗೆದಿದ್ದಾರೆ. ಆದರೆ ಮೊದಲ ಭಾಗ? 4 ಅಂದದ್ದು ಹುಡುಗ. ಅದು ತಪ್ಪು ಅಂತ ಕಂಡುಕೊಂಡದ್ದೂ ಹುಡುಗನೇ. ‘ತಪ್ಪು’ ಅಂತ ಸಾಕ್ರಟೀಸ್ ಹೇಳಲಿಲ್ಲ, ‘ಬರೆದು ಎಣಿಸು’ ಅಂದ. ತನ್ನ ಉತ್ತರವೇ ತನ್ನ ಲೆಕ್ಕಕ್ಕೆ ಹೊಂದುತ್ತಿಲ್ಲ ಅಂತ ಅವನಿಗೇ ಕಂಡಿತು. ನಾನು ತರ್ಕ ಅನ್ನುವುದು ಅದಕ್ಕೆ.

ದೊಡ್ಡವರಿಗೂ ಇದೇ ಆಗಿದೆ. 1902ರ ಜೂನ್‌ನಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ರಸೆಲ್, ಜರ್ಮನಿಯ ಗಣಿತಜ್ಞ ಫ್ರೇಗೆಗೆ ಒಂದು ಕಾಗದ ಬರೆದ. ಫ್ರೇಗೆ ಇಡೀ ಅಂಕಗಣಿತವನ್ನು ತರ್ಕದ ಮೇಲೆ ಕಟ್ಟಲು ವರ್ಷಗಟ್ಟಲೆ ದುಡಿದಿದ್ದ. ಎರಡನೇ ಸಂಪುಟ ಅಚ್ಚಿನಲ್ಲಿತ್ತು. ರಸೆಲ್ ಕೇಳಿದ್ದು ಸರಿಸುಮಾರು ಇಷ್ಟು: ತಮ್ಮನ್ನೇ ತಾವು ಒಳಗೊಳ್ಳದ ಗುಂಪುಗಳನ್ನೆಲ್ಲ ಸೇರಿಸಿ ಒಂದು ಗುಂಪು ಮಾಡಿದರೆ, ಆ ಗುಂಪು ತನ್ನನ್ನು ಒಳಗೊಳ್ಳುತ್ತದೆಯೋ ಇಲ್ಲವೋ? ಹೌದು ಅಂದರೆ ಇಲ್ಲ ಆಗುತ್ತದೆ, ಇಲ್ಲ ಅಂದರೆ ಹೌದು ಆಗುತ್ತದೆ. ಫ್ರೇಗೆ ತಾನೇ ಬರೆದ ನಿಯಮಗಳ ಒಳಗೆ ಅದು ಕೂತಿತ್ತು, ಅವನಿಗೇ ಗೊತ್ತಿರಲಿಲ್ಲ. 1903ರಲ್ಲಿ ಆ ಸಂಪುಟ ಬಂದಾಗ ಕೊನೆಗೆ ಒಂದು ಅನುಬಂಧ ಸೇರಿಸಿ ಆ ಪೆಟ್ಟನ್ನು ಅವನೇ ಒಪ್ಪಿಕೊಂಡ. ಚೀಲಕ್ಕೆ ತಾನೇ ಹಾಕಿದ್ದು ಅಂದಿರಲ್ಲ!

ಕಡ್ಡಿಪೆಟ್ಟಿಗೆ

ಹ್ಮ್. ಗಣಿತದಲ್ಲಿ ಒಪ್ತೀನಿ. ಬದುಕಿನ ಮಾತಿನಲ್ಲಿ? ಆ ಸ್ವಾರ್ಥದ ಮಾತನ್ನೇ ಬಿಚ್ಚಿ ತೋರಿಸಿ ನೋಡೋಣ.

ಇಬ್ಬನಿ

ಪ್ರಯತ್ನ ಮಾಡ್ತೀನಿ. ಬೆಂಚು ಅವರ ಅಣ್ಣನ ವಾದವನ್ನು ಸಾಲು ಸಾಲಾಗಿ ಬರೆದರೆ ಹೀಗೆ:

ಒಂದು, ಯಾರೇ ಏನೇ ಮಾಡಲಿ, ತನಗೆ ಬೇಕು ಅನ್ನಿಸಿದ್ದನ್ನೇ ಮಾಡುತ್ತಾರೆ.
ಎರಡು, ತನಗೆ ಬೇಕು ಅನ್ನಿಸಿದ್ದನ್ನು ಮಾಡುವುದೇ ಸ್ವಾರ್ಥ.
ಆದ್ದರಿಂದ, ಎಲ್ಲರೂ ಸ್ವಾರ್ಥಿಗಳು.

ಜೋಡಣೆ ಸರಿ ಇದೆ. ಮೊದಲ ಎರಡನ್ನು ಒಪ್ಪಿದರೆ ಮೂರನೆಯದನ್ನು ಒಪ್ಪಲೇಬೇಕು. ಒಂದನೇ ಸಾಲನ್ನು ಸದ್ಯಕ್ಕೆ ಬಿಟ್ಟುಕೊಡೋಣ, ಅದರಲ್ಲೂ ಜಗಳ ಇದೆ. ಎರಡನೇ ಸಾಲನ್ನು ಹಿಡಿಯಿರಿ. ರಾತ್ರಿಯಿಡೀ ಎದ್ದು ಕೂತ ತಾಯಿಗೆ ಬೇಕಾದದ್ದು ಏನು? ಮಗುವಿನ ಜ್ವರ ಇಳಿಯಬೇಕು. ಬೇಕು ಅನ್ನುವ ಆಸೆ ತಾಯಿಯದು. ಇಳಿಯಬೇಕಾದ ಜ್ವರ ಮಗುವಿನದು. ಆಸೆ ಯಾರದ್ದು ಅನ್ನುವುದು ಒಂದು ಪ್ರಶ್ನೆ, ಆಸೆ ಯಾವುದರ ಮೇಲೆ ಅನ್ನುವುದು ಇನ್ನೊಂದು. ನನ್ನ ಆಸೆ ನನ್ನದೇ ಆಗಿರುತ್ತದೆ, ಪಕ್ಕದವರದ್ದು ಆಗಲು ಸಾಧ್ಯವೇ ಇಲ್ಲ. ಅಷ್ಟಕ್ಕೇ ಅದು ಸ್ವಾರ್ಥ ಆಗಿಬಿಟ್ಟರೆ ಸ್ವಾರ್ಥ ಅನ್ನುವ ಪದದಲ್ಲಿ ಬೈಯುವ ಶಕ್ತಿಯೇ ಉಳಿಯಲ್ಲ. ತಾಯಿಯೂ ಸ್ವಾರ್ಥಿ, ಅಡವಿಟ್ಟ ಒಡವೆ ನುಂಗಿದವನೂ ಸ್ವಾರ್ಥಿ. ಅಣ್ಣನವರು ಮುಖ ಸಿಂಡರಿಸಿಕೊಂಡು ಹೇಳಿದ್ದು ಆ ಎರಡನೆಯವನನ್ನು ಮನಸ್ಸಿನಲ್ಲಿಟ್ಟುಕೊಂಡು, ಅಲ್ವಾ?

ಹಳೇ ಮೇಷ್ಟ್ರು

ಭೇಷ್. ಇದಕ್ಕೆ ನ್ಯಾಯದಲ್ಲಿ ಛಲ ಅಂತ ಹೆಸರು. ಹಟ ಅನ್ನುವ ಅರ್ಥದ ಛಲ ಅಲ್ಲ, ಪದದ ಅರ್ಥವನ್ನು ನಡುದಾರಿಯಲ್ಲಿ ಬದಲಿಸುವುದು. ಅವರ ಉದಾಹರಣೆ ‘ನವಕಂಬಳ’. ಒಬ್ಬ ಹೊಸ ಕಂಬಳಿ ಹೊದ್ದು ಬರುತ್ತಾನೆ. ‘ಇವನು ನವಕಂಬಳದವನು’ ಅನ್ನುತ್ತಾರೆ. ಎದುರಿನವನು ‘ಎಲ್ಲಿ, ಒಂದೇ ಇದೆಯಲ್ಲ, ಒಂಬತ್ತು ಎಲ್ಲಿ’ ಅನ್ನುತ್ತಾನೆ. ನವ ಅಂದರೆ ಹೊಸದೂ ಹೌದು, ಒಂಬತ್ತೂ ಹೌದು.

ಸ್ವಾರ್ಥ ಅನ್ನುವ ಪದದ ಹೊಟ್ಟೆಯಲ್ಲೇ ಆ ಎರಡು ಅರ್ಥ ಕೂತಿವೆ ನೋಡಿ. ಸ್ವ ಮತ್ತು ಅರ್ಥ. ಅರ್ಥ ಅಂದರೆ ಉದ್ದೇಶ. ಅರ್ಥ ಅಂದರೆ ಲಾಭ, ದುಡ್ಡು. ‘ಎಲ್ಲರೂ ತಮ್ಮ ಉದ್ದೇಶದಿಂದ ಮಾಡುತ್ತಾರೆ’ ಅಂತ ಒಪ್ಪಿಸಿಕೊಂಡು, ‘ಎಲ್ಲರೂ ತಮ್ಮ ಲಾಭಕ್ಕೆ ಮಾಡುತ್ತಾರೆ’ ಅಂತ ವಸೂಲಿ ಮಾಡುತ್ತದೆ ಆ ವಾದ. ಅಣ್ಣ ಬೇಕಂತಲೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಪದವೇ ಅವರಿಗೆ ಮೋಸ ಮಾಡಿದೆ.

ಮೂರನೇ ಬೆಂಚು

ಇದನ್ನೆಲ್ಲ ಓದಿ ಮತ್ತೆ ಅಣ್ಣನ ಹತ್ತಿರ ಹೋದೆ. ಈ ಸಲ ಒಂದೇ ಪ್ರಶ್ನೆ ಕೇಳಿದೆ: ‘ಏನು ಮಾಡಿದರೆ ನೀನು ಅದನ್ನ ಸ್ವಾರ್ಥ ಅಲ್ಲ ಅಂತೀಯಾ? ಒಂದು ಉದಾಹರಣೆ ಕೊಡು.’ ಸ್ವಲ್ಪ ಹೊತ್ತು ಯೋಚನೆ ಮಾಡಿದ. ‘ಯಾವುದೂ ಇಲ್ಲ’ ಅಂದ. ಗುರುತೇ ಇಲ್ಲದವರಿಗೆ ರಕ್ತ ಕೊಡೋದು? ‘ಸಮಾಧಾನ ಸಿಗುತ್ತಲ್ಲ.’ ಈಜು ಸರಿಯಾಗಿ ಬಾರದಿದ್ದರೂ ಮುಳುಗುವವನನ್ನು ಎತ್ತಲು ಹಾರೋದು? ‘ಹಾರದಿದ್ದರೆ ಜೀವನಪೂರ್ತಿ ಕೊರಗಬೇಕಲ್ಲ.’

ಜಗಳ ಆಗಲಿಲ್ಲ. ಆದರೆ ನನಗೆ ಮುಂದೆ ಏನು ಹೇಳಬೇಕು ತೋಚಲಿಲ್ಲ.

ಹಸಿರು ಶಾಯಿ

ಅಣ್ಣ ಹೇಳೋದು ಸರಿ ಇದೆಯಲ್ಲ? ಸಹಾಯ ಮಾಡಿದರೆ ಖುಷಿ ಸಿಗುತ್ತೆ. ಆದ್ದರಿಂದ ಖುಷಿಗೋಸ್ಕರವೇ ಸಹಾಯ ಮಾಡೋದು. ಇದರಲ್ಲಿ ತಪ್ಪೆಲ್ಲಿದೆ?

ಇಬ್ಬನಿ

‘ಆದ್ದರಿಂದ’ ಅನ್ನುವ ಪದದಲ್ಲಿ. ನಡೆದರೆ ಚಪ್ಪಲಿ ಸವೆಯುತ್ತದೆ. ಚಪ್ಪಲಿ ಸವೆಸಲು ಯಾರೂ ನಡೆಯಲ್ಲ.

ಇನ್ನೊಂದು, ಇದು ನನ್ನದಲ್ಲ. ಜೋಸೆಫ್ ಬಟ್ಲರ್ ಅನ್ನುವ ಇಂಗ್ಲೆಂಡಿನ ಪಾದ್ರಿ 1726ರಲ್ಲೇ ಈ ವಾದಕ್ಕೆ ಉತ್ತರ ಕೊಟ್ಟಿದ್ದ. ಅವನ ಮಾತಿನ ಸಾರ ಇದು: ಒಂದು ಕೆಲಸದಿಂದ ನಿನಗೆ ಸುಖ ಸಿಗಬೇಕಾದರೆ ಆ ಕೆಲಸ ಆಗಲಿ ಅನ್ನುವ ಆಸೆ ಮೊದಲೇ ಇರಬೇಕು. ಮುಳುಗುವವನು ಬದುಕಲಿ ಅಂತ ನನಗೆ ಇಲ್ಲದಿದ್ದರೆ ಅವನು ಬದುಕಿದಾಗ ನನಗೇಕೆ ಸಮಾಧಾನ ಆಗಬೇಕು? ಸತ್ತರೆ ನನಗೇಕೆ ಕೊರಗು? ಅಣ್ಣ ತೋರಿಸುವ ಸಮಾಧಾನವೇ ಬೇರೆಯವರ ಒಳಿತಿನ ಆಸೆ ಅಲ್ಲಿ ಇತ್ತು ಅನ್ನುವುದಕ್ಕೆ ಸಾಕ್ಷಿ. ಅವರು ತಮ್ಮ ಪರ ಅಂತ ಕರೆಸಿದ ಸಾಕ್ಷಿ ಎದುರು ಪಕ್ಷಕ್ಕೆ ಹೇಳಿಕೆ ಕೊಟ್ಟ ಹಾಗಾಯ್ತು.

ಸಂಖ್ಯಾರೇಖೆ

ಬೆಂಚು ಅವರು ಈ ಸಲ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಯಾಕೆ ಅಂತ ತೋರಿಸಲು ಒಂದು ಒಗಟು. ಯಾರೂ ಹುಡುಕಿ ನೋಡದೆ ಉತ್ತರಿಸಿ.

ಮೇಜಿನ ಮೇಲೆ ನಾಲ್ಕು ಚೀಟಿ. ಒಂದೊಂದರಲ್ಲೂ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಈಗ ಕಾಣುತ್ತಿರುವ ಬದಿಗಳು: ಅ, ಕ, 4, 7. ನಿಯಮ: ಒಂದು ಬದಿ ಸ್ವರ ಇದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಬೇಕು. ನಿಯಮ ನಿಜವೋ ಸುಳ್ಳೋ ತಿಳಿಯಲು ಯಾವ ಯಾವ ಚೀಟಿ ತಿರುಗಿಸಲೇಬೇಕು?

ಕಡ್ಡಿಪೆಟ್ಟಿಗೆ

ಸುಲಭ. ಅ ಮತ್ತು 4.

ಹಸಿರು ಶಾಯಿ

ನಾನೂ ಅದೇ ಅಂದುಕೊಂಡೆ. ಅ ಮತ್ತು 4.

ಮೂರನೇ ಬೆಂಚು

ನಾನು ಅ ಒಂದೇ ಅನ್ನುತ್ತೇನೆ. 4 ಬೇಡ ಅನ್ನಿಸುತ್ತಿದೆ, ಯಾಕೆ ಅಂತ ಹೇಳಲು ಬರುತ್ತಿಲ್ಲ.

ಸಂಖ್ಯಾರೇಖೆ

ಮೂವರೂ ಅರ್ಧ ಸರಿ. ಉತ್ತರ ಅ ಮತ್ತು 7.

4ರ ಹಿಂದೆ ಸ್ವರ ಇದ್ದರೂ ನಿಯಮಕ್ಕೆ ತೊಂದರೆ ಇಲ್ಲ, ವ್ಯಂಜನ ಇದ್ದರೂ ತೊಂದರೆ ಇಲ್ಲ. ವ್ಯಂಜನದ ಹಿಂದೆ ಏನಿರಬೇಕು ಅಂತ ನಿಯಮ ಹೇಳಿಯೇ ಇಲ್ಲ. ಆದರೆ 7ರ ಹಿಂದೆ ಸ್ವರ ಇದ್ದುಬಿಟ್ಟರೆ? ನಿಯಮ ಅಲ್ಲಿಗೇ ಸತ್ತಿತು. ಬೇಜಾರು ಮಾಡಿಕೊಳ್ಳಬೇಡಿ, ಪೀಟರ್ ವೇಸನ್ ಅನ್ನುವ ಮನಶ್ಶಾಸ್ತ್ರಜ್ಞ 1966ರಲ್ಲಿ ಇದನ್ನು ಪ್ರಕಟಿಸಿದಾಗಿನಿಂದ ಜಾಸ್ತಿ ಜನ ಕೊಡುತ್ತಿರುವುದು ನಿಮ್ಮ ಉತ್ತರಗಳನ್ನೇ. ಮೊದಲ ಸಲ ನಾನೂ ಅ ಮತ್ತು 4 ಅಂದಿದ್ದೆ. ಗಣಿತ ಹೇಳಿಕೊಡುವವನು ನಾನು, ಯಾರಿಗೂ ಹೇಳಬೇಡಿ.

ಅಣ್ಣ ಇಷ್ಟು ದಿನ ಕೂಡಿಟ್ಟಿರುವುದೆಲ್ಲ 4ರ ಚೀಟಿ. ಅಲ್ಲೊಬ್ಬ ಸ್ವಾರ್ಥಿ, ಇಲ್ಲೊಬ್ಬ ಸ್ವಾರ್ಥಿ. ಬೆಂಚು ಅವರ ಪ್ರಶ್ನೆ ‘ನಿನ್ನ ಹತ್ತಿರ 7ರ ಚೀಟಿ ಇದೆಯಾ’ ಅಂತ. ಅಣ್ಣ ‘ಅಂಥ ಚೀಟಿಯೇ ಇರಲು ಸಾಧ್ಯ ಇಲ್ಲ’ ಅಂದರು. ಆ ಗಳಿಗೆಯಲ್ಲಿ ಅದು ಜನರನ್ನು ನೋಡಿ ಕಂಡುಕೊಂಡ ಸತ್ಯ ಆಗಿ ಉಳಿಯಲಿಲ್ಲ. ಸ್ವಾರ್ಥ ಅನ್ನುವ ಪದವನ್ನು ಹೇಗೆ ಬಳಸುತ್ತೇನೆ ಅನ್ನುವ ಘೋಷಣೆ ಆಯಿತು.

ಹಳೇ ಮೇಷ್ಟ್ರು

ಇದೇ ಗೊಂದಲ ಹೊಗೆ ಬೆಂಕಿಯಲ್ಲೂ ಇದೆ. ಬೆಟ್ಟದ ಮೇಲೆ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ, ಅಡುಗೆಮನೆಯಲ್ಲಿ ಕಂಡ ಹಾಗೆ. ಇದು ಸರಿ. ತಿರುಗಿಸಿ, ಬೆಂಕಿ ಇದೆ ಆದ್ದರಿಂದ ಹೊಗೆ ಇದೆ. ಇದು ನಿಲ್ಲಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ ಅನ್ನುವುದು ನೈಯಾಯಿಕರ, ಅಂದರೆ ನ್ಯಾಯಶಾಸ್ತ್ರದವರ ಉತ್ತರ. ಹೊಗೆ ಬರಬೇಕಾದರೆ ಹಸಿ ಸೌದೆಯೂ ಬೇಕು. ಹೇಳದೆ ಒಳಗೆ ಸೇರಿಕೊಂಡ ಆ ಹಸಿ ಸೌದೆಗೆ ಉಪಾಧಿ ಅಂತ ಹೆಸರು. ವಾದ ಪರೀಕ್ಷೆ ಮಾಡುವುದು ಅಂದರೆ ಬಹಳ ಸಲ ಈ ಹಸಿ ಸೌದೆ ಎಲ್ಲಿದೆ ಅಂತ ಹುಡುಕುವುದೇ.

ಹಸಿರು ಶಾಯಿ

ಸರಿ ಮೇಷ್ಟ್ರೇ, ಅಣ್ಣನ ವಾದ ಬಿತ್ತು ಅಂತಲೇ ಇಟ್ಟುಕೊಳ್ಳೋಣ. ಆದರೂ ತೀರ್ಮಾನ ನಿಜ ಇರಬಹುದಲ್ಲ?

ಹಳೇ ಮೇಷ್ಟ್ರು

ಖಂಡಿತ ಇರಬಹುದು. ವಾದ ಬಿದ್ದರೆ ಬಿದ್ದದ್ದು ವಾದ ಮಾತ್ರ. 8ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಒಂದು ಚಂದದ ಸನ್ನಿವೇಶ ಕೊಡುತ್ತಾನೆ. ಮಾಂಸ ಸುಡಲು ಆಗಷ್ಟೇ ಬೆಂಕಿ ಹಚ್ಚಿದ್ದಾರೆ. ಹೊಗೆ ಇನ್ನೂ ಎದ್ದಿಲ್ಲ. ವಾಸನೆಗೆ ಹುಳಗಳು ಮುತ್ತಿ ಮೇಲೆ ಕಪ್ಪಗೆ ಮೋಡದ ಹಾಗೆ ಸುತ್ತುತ್ತಿವೆ. ದೂರದಿಂದ ನೋಡಿದವನು ಅದನ್ನೇ ಹೊಗೆ ಅಂದುಕೊಂಡು ‘ಅಲ್ಲಿ ಬೆಂಕಿ ಇದೆ’ ಅನ್ನುತ್ತಾನೆ. ಇದೆ! ಆದರೆ ಅವನಿಗೆ ಗೊತ್ತಿತ್ತು ಅನ್ನಬಹುದಾ? ಹೆಚ್ಚುಕಡಿಮೆ 1200 ವರ್ಷ ಆದಮೇಲೆ, 1963ರಲ್ಲಿ, ಗೆಟಿಯರ್ ಅನ್ನುವ ಅಮೆರಿಕದ ತತ್ವಜ್ಞಾನಿ ಮೂರೇ ಪುಟದ ಲೇಖನದಲ್ಲಿ ಇದೇ ಬಗೆಯ ಉದಾಹರಣೆ ಕೊಟ್ಟು ಪಶ್ಚಿಮದ ತತ್ವಶಾಸ್ತ್ರಕ್ಕೆ ತಲೆನೋವು ತಂದ. ಆ ತಲೆನೋವು ಇನ್ನೂ ಇಳಿದಿಲ್ಲ.

ಬಿಳಿ ಹಾಳೆ

ತಡವಾಗಿ ಬಂದೆ. ಮೇಲಿನಿಂದ ಓದಿಕೊಂಡು ಬಂದಾಗ ಒಂದು ವಿಷಯ ಚುಚ್ಚಿತು. ವಿತಂಡವನ್ನು ಎಲ್ಲರೂ ಸೇರಿ ಹೊರಗೆ ಹಾಕಿಬಿಟ್ಟಿರಿ. ಬೌದ್ಧ ದಾರ್ಶನಿಕ ನಾಗಾರ್ಜುನ ‘ನನಗೆ ಪ್ರತಿಜ್ಞೆಯೇ ಇಲ್ಲ, ಆದ್ದರಿಂದ ನನ್ನಲ್ಲಿ ದೋಷವೂ ಇಲ್ಲ’ ಅಂದವನು. ಪ್ರತಿಜ್ಞೆ ಅಂದರೆ ಇಲ್ಲಿ ಶಪಥ ಅಲ್ಲ, ಸಾಧಿಸಲು ಮುಂದಿಡುವ ಮಾತು. ನೀನು ಒಪ್ಪಿದ್ದರಿಂದಲೇ ನಿನಗೆ ಒಪ್ಪಲಾಗದ್ದು ಬರುತ್ತದೆ ಅಂತ ತೋರಿಸುವುದಷ್ಟೇ ಅವನ ದಾರಿ. ಸಾಕ್ರಟೀಸನೂ ನನಗೆ ಗೊತ್ತಿಲ್ಲ ಅನ್ನುತ್ತಲೇ ಇದ್ದ. ಸ್ವಂತ ಪಕ್ಷ ಇಲ್ಲದವನು ತತ್ವಚಿಂತನೆ ಮಾಡಲಾರ ಅಂದರೆ ಇವರಿಬ್ಬರನ್ನೂ ಕೈಬಿಡಬೇಕಾಗುತ್ತದೆ. ಒಂದು ಮನೆಗೆ ಬಿರುಕು ಬಿಟ್ಟಿದೆ ಅಂತ ಹೇಳಲು ನಾನು ಇನ್ನೊಂದು ಮನೆ ಕಟ್ಟಿ ತೋರಿಸಬೇಕಾ?

ಹಳೇ ಮೇಷ್ಟ್ರು

ಬಿಳಿ ಹಾಳೆಯವರೇ, ಇದು ತೂಕದ ಮಾತು. ನ್ಯಾಯಸೂತ್ರದಲ್ಲೇ ವಿತಂಡಕ್ಕೆ ಒಂದು ಜಾಗ ಇದೆ. ಮೊಳಕೆ ಕಾಯಲು ಮುಳ್ಳಿನ ಕೊಂಬೆಗಳನ್ನು ಸುತ್ತ ಹಾಕುತ್ತೇವಲ್ಲ, ಜಲ್ಪ ಮತ್ತು ವಿತಂಡ ಹಾಗೆ ಅನ್ನುತ್ತದೆ ಒಂದು ಸೂತ್ರ. ನನ್ನ ಆಕ್ಷೇಪ ಮುಳ್ಳಿಗಲ್ಲ. ಒಳಗೆ ಮೊಳಕೆಯೇ ಇಲ್ಲದ ಬೇಲಿಗೆ.

ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಅದರಲ್ಲಿ ವಿತಂಡಿಗೆ ಒಂದೇ ಪ್ರಶ್ನೆ ಕೇಳುತ್ತಾನೆ: ನಿನ್ನ ಉದ್ದೇಶ ಏನು? ಹೇಳಿದರೆ ಅದೇ ನಿನ್ನ ಪಕ್ಷ ಆಯಿತು, ವಿತಂಡಿಯಾಗಿ ಉಳಿಯಲಿಲ್ಲ. ಹೇಳದಿದ್ದರೆ ನೀನು ಲೋಕದವನೂ ಅಲ್ಲ, ಪರೀಕ್ಷೆ ಮಾಡುವವನೂ ಅಲ್ಲ. ಸಾಕ್ರಟೀಸ್ ಇಲ್ಲಿ ಪಾಸಾಗುತ್ತಾನೆ. ಮುಟ್ಟಿದವರನ್ನು ಮರಗಟ್ಟಿಸುವ ಸಮುದ್ರದ ಮೀನಿನ ಹಾಗಿದ್ದೀಯ ಅಂತ ಮೆನೊ ಬೈದಾಗ ಅವನು ಹೇಳುವುದು, ಆ ಮೀನು ತಾನೂ ಮರಗಟ್ಟಿದ್ದರೆ ಮಾತ್ರ ಹೋಲಿಕೆ ಸರಿ ಅಂತ. ಅವನ ಪ್ರಶ್ನೆ ಅವನನ್ನೂ ಕಾಡುತ್ತಿತ್ತು. ನಾಗಾರ್ಜುನನ ವಿಚಾರದಲ್ಲಿ ನನಗೆ ಇನ್ನೂ ಒಂದು ತೀರ್ಮಾನಕ್ಕೆ ಬರಲು ಆಗಿಲ್ಲ. ‘ನನಗೆ ಪ್ರತಿಜ್ಞೆ ಇಲ್ಲ’ ಅನ್ನುವುದೇ ಒಂದು ಪ್ರತಿಜ್ಞೆ ಅಲ್ಲವಾ ಅಂತ ಒಮ್ಮೆ ಅನ್ನಿಸುತ್ತದೆ. ಅಷ್ಟು ಸುಲಭಕ್ಕೆ ಅವನು ಸಿಕ್ಕಿಬೀಳುವವನಲ್ಲ ಅಂತ ಮತ್ತೊಮ್ಮೆ ಅನ್ನಿಸುತ್ತದೆ.

ಕಡ್ಡಿಪೆಟ್ಟಿಗೆ

ಆದರೆ ‘ಯಾಕೆ’ ಅನ್ನೋದಕ್ಕೆ ಕೊನೆ ಎಲ್ಲಿ? ಪ್ರತಿ ಉತ್ತರಕ್ಕೂ ಇನ್ನೊಂದು ಯಾಕೆ ಹಾಕಬಹುದು. ಬೆಂಚು ಅವರು ಮೊದಲ ಸಲ ಮಾಡಿದ್ದೂ ಅದೇ. ನಿಲ್ಲಿಸಿ ಅಂತ ಹೇಳಲು ಯಾರಿಗೆ ಹಕ್ಕಿದೆ?

ಇಬ್ಬನಿ

ಮೂರೇ ದಾರಿ ಅಂತ ಹಳೇ ಗ್ರೀಕ್ ಸಂದೇಹವಾದಿಗಳೂ ಹೇಳಿದ್ದರು. ಕೊನೆ ಇಲ್ಲದೆ ಹೋಗುತ್ತಲೇ ಇರುವುದು, ಸುತ್ತಿ ಬಂದು ಹೊರಟಲ್ಲೇ ನಿಲ್ಲುವುದು, ಇಲ್ಲವೇ ಎಲ್ಲೋ ಒಂದು ಕಡೆ ಸುಮ್ನೆ ನಿಂತುಬಿಡುವುದು. ನಮ್ಮವರು ಮೊದಲನೆಯದಕ್ಕೆ ಅನವಸ್ಥೆ, ಎರಡನೆಯದಕ್ಕೆ ಚಕ್ರಕ ಅಂತ ಹೆಸರಿಟ್ಟಿದ್ದಾರೆ.

ಹಳೇ ಮೇಷ್ಟ್ರು

ನೈಯಾಯಿಕ ಉದಯನನ ಉತ್ತರ ನನಗೆ ಇಷ್ಟ. ಶಂಕೆಗೆ ಗಡಿ ವ್ಯಾಘಾತ, ಅಂದರೆ ನಿನ್ನ ನಡತೆಯೇ ನಿನ್ನ ಶಂಕೆಗೆ ಅಡ್ಡ ಬರುವ ಜಾಗ. ಬೆಂಕಿಯಿಂದ ಹೊಗೆ ಬರುತ್ತದೆ ಅನ್ನುವುದನ್ನೇ ಅನುಮಾನಿಸುವವನು ಹೊಗೆ ಬೇಕಾದಾಗ ಹಿಂದೆಮುಂದೆ ನೋಡದೆ ಬೆಂಕಿಯನ್ನೇ ಹುಡುಕುತ್ತಾನೆ. ಆದರೆ 12ನೇ ಶತಮಾನದಲ್ಲಿ ಶ್ರೀಹರ್ಷ ಉದಯನನ ಪದಗಳನ್ನೇ ತಿರುಗಿಸಿ ಹೊಡೆದ: ವ್ಯಾಘಾತ ಇರಬೇಕಾದರೆ ಶಂಕೆ ಇರಲೇಬೇಕಲ್ಲ, ಹಾಗಾದಮೇಲೆ ಅದು ಶಂಕೆಯನ್ನು ಮುಗಿಸುವುದು ಹೇಗೆ? ಇಬ್ಬರಲ್ಲಿ ಯಾರು ಗೆದ್ದರು ಅಂತ ಕೇಳಿದರೆ ಮೂವತ್ತು ವರ್ಷದಿಂದ ನನ್ನ ಉತ್ತರ ಬದಲಾಗುತ್ತಲೇ ಇದೆ.

ಸ್ವಾರ್ಥಿ ಅಣ್ಣ

ನಾನೇ ಆ ಅಣ್ಣ. ತಮ್ಮ ಫೋನ್ ತೆರೆದಿಟ್ಟು ಹೋಗಿದ್ದ, ಓದಿದೆ. ಆಮೇಲೆ ನನ್ನದೇ ಖಾತೆ ಮಾಡಿಕೊಂಡೆ.

ಎರಡನೇ ಸಾಲು ಬಿಟ್ಟೆ. ಆ ಅರ್ಥ ಅನ್ನೋ ಪದದ ವಿಷಯ ನನಗೆ ಹೊಳೆದಿರಲಿಲ್ಲ. 7ರ ಚೀಟಿಯನ್ನೂ ಒಪ್ತೀನಿ. ಆದರೆ ನೀವೆಲ್ಲ ಸೇರಿ ನನ್ನನ್ನು ಪೂರ್ತಿ ಮುಗಿಸಿದಿರಿ ಅಂತ ಅಂದುಕೊಳ್ಳಬೇಡಿ. ಈಗ ನನ್ನ ಪ್ರಶ್ನೆ. ನೀರಿಗೆ ಹಾರಿದವನಿಗೆ ತಾನು ಅವನ ಜೀವಕ್ಕೋಸ್ಕರ ಹಾರಿದೆನೋ, ನಾಲ್ಕು ಜನ ನೋಡುತ್ತಿದ್ದರು ಅಂತ ಹಾರಿದೆನೋ, ಹೇಗೆ ಗೊತ್ತು? ನನಗಂತೂ ನನ್ನ ಬಗ್ಗೆಯೇ ಗೊತ್ತಾಗಲ್ಲ. ಸುಮ್ನೆ ಹೇಳುತ್ತಿಲ್ಲ. ಒಮ್ಮೆ ಒಬ್ಬರ ಸಾಲಕ್ಕೆ ಜಾಮೀನು ನಿಂತಿದ್ದೆ. ಯಾಕೆ ನಿಂತೆ ಅಂತ ಇವತ್ತಿಗೂ ಗೊತ್ತಿಲ್ಲ.

ಇಬ್ಬನಿ

ಅಣ್ಣಾವ್ರೇ, ಸ್ವಾಗತ. ಈ ಮಾತಿಗೆ ಕಾಂಟ್ ನಿಮ್ಮ ಕಡೆ. 1785ರಲ್ಲಿ ಅವನು ಹೇಳಿದ್ದೂ ಹೆಚ್ಚುಕಡಿಮೆ ಇದೇ, ಎಷ್ಟೇ ಒಳಹೊಕ್ಕು ನೋಡಿದರೂ ನಮ್ಮ ಕೆಲಸದ ಹಿಂದೆ ಸ್ವಪ್ರೀತಿ ಅಡಗಿರಲಿಲ್ಲ ಅಂತ ಖಚಿತವಾಗಿ ಹೇಳಲಾಗದು ಅಂತ. ಒಂದೇ ಎಚ್ಚರ. ಅಡಗಿತ್ತು ಅಂತ ಖಚಿತವಾಗಿ ಹೇಳಲೂ ಆಗಲ್ಲ. ‘ಸ್ವಾರ್ಥ ಇಲ್ಲ ಅಂತ ಗೊತ್ತಾಗಲ್ಲ’ ಅನ್ನುವುದರಿಂದ ‘ಸ್ವಾರ್ಥ ಇದೆ’ ಅಂತ ಬರಲ್ಲ.

ಸ್ವಾರ್ಥಿ ಅಣ್ಣ

ಬರಲ್ಲ, ಒಪ್ಪಿದೆ. ನಾನು ಈಗ ಹೇಳುತ್ತಿರುವುದು ಅಷ್ಟು ದೊಡ್ಡದಲ್ಲ. ‘ನಾನು ನಿಸ್ವಾರ್ಥಿ’ ಅಂತ ಹೇಳಿಕೊಳ್ಳಲು ಯಾರಿಗೂ ಆಧಾರ ಇಲ್ಲ. ಅಷ್ಟೇ ನನ್ನ ಪಕ್ಷ. ಮೇಷ್ಟ್ರೇ, ಇದಾದರೂ ಪ್ರತಿಜ್ಞೆ ಆಗುತ್ತದಾ?

ಹಳೇ ಮೇಷ್ಟ್ರು

ಚೆನ್ನಾಗಿ ಆಗುತ್ತದೆ. ಈಗ ನಿಮ್ಮ ತಮ್ಮನ ಸರದಿ.

ಮೂರನೇ ಬೆಂಚು

ಅಣ್ಣಾ, ಪಕ್ಕದ ಕೋಣೆಯಲ್ಲೇ ಇದ್ದುಕೊಂಡು ಇಲ್ಲಿ ಬರೆಯುತ್ತಿದ್ದೀಯಲ್ಲ. ಇರಲಿ, ಇಲ್ಲೇ ಕೇಳುತ್ತೇನೆ. ಆಧಾರ ಇಲ್ಲ ಅಂದರೆ ಅವರವರಿಗೆ ತಮ್ಮ ಬಗ್ಗೆ ಇಲ್ಲವೋ, ಹೊರಗಿನಿಂದ ನೋಡುವವರಿಗೂ ಇಲ್ಲವೋ? ಯಾಕೆ ಕೇಳುತ್ತಿದ್ದೇನೆ ಅಂದರೆ, ನೀನು ಜಾಮೀನು ನಿಂತದ್ದು ಯಾಕೆ ಅಂತ ನನಗೆ ಗೊತ್ತಿದೆ ಅಂತ ನನ್ನ ಪಕ್ಷ.

ಸ್ವಾರ್ಥಿ ಅಣ್ಣ

ಮೊದಲನೆಯದು. ಎರಡನೆಯದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಾಗಿಲು ತೆಗೆದಿದೆ, ಬಾ.